ಏಕತಾರಿಯ ಮನೆಗೆ ಗಿಟಾರ್ ಬಂದರೆ ಕೇಡೇನು?

ಸಂಘದ ವೇದಿಕೆ ಸಾಹಿತ್ಯಕ್ಕೆ ಮೀಸಲು, ಅಲ್ಲಿ ಗಿಟಾರು ಡ್ರಮ್ಮುಗಳ ಗದ್ದಲ ಬೇಡ ಎಂಬ ಮಾತು ನಮ್ಮ ಗಡಿನಾಡಿನ ಸಂಘಗಳಲ್ಲಿ ಹೊಸದಲ್ಲ. ಸಮ್ಮೇಳನ ಹತ್ತಿರ ಬಂದಾಗ, ಕಾಲೇಜಿನಲ್ಲಿ ಓದುವ ನಾಲ್ಕು ಹುಡುಗರು ತಮಗೂ ಅರ್ಧ ಗಂಟೆ ಕೊಡಬೇಕೆಂದೂ ಕನ್ನಡದಲ್ಲಿಯೇ ಹಾಡುವೆವೆಂದೂ ಕೇಳಿಕೊಂಡಾಗ, ಈ ಮಾತು ಎದ್ದು ನಿಲ್ಲುತ್ತದೆ. ಹೇಳುವವರು ನಮ್ಮ ಹಿರಿಯರು. ಅವರ ಕನ್ನಡಪ್ರೀತಿಯ ವಿಷಯದಲ್ಲಿ ನಮಗೆ ಲವಲೇಶವೂ ಸಂಶಯವಿಲ್ಲ. ಆದರೂ ಈ ಮಾತನ್ನು ನಾವು ಒಪ್ಪಲಾರೆವು. ಗಡಿಯಲ್ಲಿ ಕನ್ನಡ ಉಳಿಯಬೇಕೆಂಬ ಅವರ ಹಂಬಲಕ್ಕೇ ಈ ಮಾತು ಅಡ್ಡಗಾಲಾಗುತ್ತಿದೆ ಎಂಬುದನ್ನು ಈ ಸ್ಮರಣ ಸಂಚಿಕೆಯ ಮೂಲಕ ವಿನಯದಿಂದಲೂ ಖಂಡಿತವಾಗಿಯೂ ಹೇಳಬಯಸುತ್ತೇವೆ.

ಮೊದಲಿಗೆ, ಬೇಡವೆನ್ನುವ ವಸ್ತು ಯಾವುದೆಂದು ತಿಳಿಯುವುದು ಒಳ್ಳೆಯದು. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಕಡೆ ಬ್ಯಾಂಡ್ ಎಂದೊಡನೆ ನೆನಪಾಗುವುದು ಮದುವೆಯ ಮೆರವಣಿಗೆ. ರಾಕ್ ಬ್ಯಾಂಡ್ ಅದಲ್ಲ. ನಾಲ್ಕೈದು ಮಂದಿ ಗೆಳೆಯರು ಸೇರಿ, ಒಬ್ಬ ಹಾಡಿ, ಒಬ್ಬ ಗಿಟಾರ್ ಮೀಟಿ, ಒಬ್ಬ ಕೆಳಸ್ವರದ ಬೇಸ್ ಗಿಟಾರ್ ಹಿಡಿದು, ಇನ್ನೊಬ್ಬ ಡ್ರಮ್ ಬಾರಿಸಿ, ತಾವೇ ಕಟ್ಟಿದ ಹಾಡನ್ನು ತಾವೇ ನುಡಿಸುವ ಮೇಳ ಅದು. ಸಿನಿಮಾ ಹಾಡಿನಲ್ಲಿ ಬರೆಯುವವರು ಒಬ್ಬರು, ರಾಗ ಹಾಕುವವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು. ಬ್ಯಾಂಡಿನಲ್ಲಿ ಮಾತು, ರಾಗ, ವಾದ್ಯ ಎಲ್ಲವೂ ಒಂದೇ ಗುಂಪಿನ ಹೊಣೆ. ಈ ವರ್ಣನೆಯನ್ನು ಕೇಳಿದಾಗ ನಮ್ಮ ಊರಿನ ಭಜನಾ ಮೇಳ ನೆನಪಾಗುವುದಿಲ್ಲವೇ? ಏಕತಾರಿಯವನೊಬ್ಬ, ದಮ್ಮಡಿಯವನೊಬ್ಬ, ತಾಳದವರಿಬ್ಬರು, ಪೇಟಿಯವನೊಬ್ಬ. ಗುಡಿಯ ಕಟ್ಟೆಯೇ ಅವರ ಪಾಠಶಾಲೆ.

ರಾಕ್ ಸಂಗೀತದ ಹುಟ್ಟನ್ನು ನೋಡಿದರೂ ನಾವು ಬೆಚ್ಚಬೇಕಾದುದು ಏನೂ ಇಲ್ಲ. 1950ರ ದಶಕದ ಅಮೆರಿಕದಲ್ಲಿ ಕರಿಯ ಜನರ ಬ್ಲೂಸ್ ಪದಗಳು, ಅವರ ಚರ್ಚುಗಳ ಭಕ್ತಿಗೀತೆಗಳು, ಬಿಳಿಯ ರೈತರ ಹಳ್ಳಿಯ ಹಾಡುಗಳು ಕೂಡಿ ಅದು ಮೈದಾಳಿತು. ಬ್ಲೂಸ್ ಬೆಳೆದದ್ದು ಹತ್ತಿಯ ಹೊಲಗಳ ಸೀಮೆಯಲ್ಲಿ, ಕೂಲಿ ಜನರ ಬಾಯಲ್ಲಿ. ಹತ್ತಿಬೀಜದ ಹೊಲಗಳಲ್ಲಿ ಹಗಲೆಲ್ಲ ಬಾಗಿ ದುಡಿಯುವ ಗದ್ವಾಲ ಸೀಮೆಯ ಜನಕ್ಕೆ ಈ ಸಂಗತಿ ವಿವರಿಸಿ ಹೇಳಬೇಕಾಗಿಲ್ಲ.

ಜಗತ್ತಿನಲ್ಲಿ ಅತಿ ಹೆಚ್ಚು ಹೆಸರಾದ ಬ್ಯಾಂಡಿನ ಮೊದಲ ದಿನಗಳೂ ಹೀಗೆಯೇ ಸಾಮಾನ್ಯವಾದವು. ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜಾನ್ ಲೆನನ್ ಎಂಬ ಹುಡುಗ ಶಾಲೆಯ ಗೆಳೆಯರೊಡನೆ 1956ರಲ್ಲಿ ಕ್ವಾರಿಮೆನ್ ಎಂಬ ಮೇಳ ಕಟ್ಟಿದ. ವಾದ್ಯಗಳಿಗೆ ಹಣವಿರಲಿಲ್ಲ. ಬಟ್ಟೆ ಒಗೆಯುವ ತಗಡಿನ ಹಲಗೆಯನ್ನು ಗೀರಿ ತಾಳ ಹಿಡಿದರು. ಚಹಾದ ಪೆಟ್ಟಿಗೆಗೆ ಕೋಲು ನೆಟ್ಟು ಹುರಿ ಕಟ್ಟಿ ಕೆಳಸ್ವರ ಹೊರಡಿಸಿದರು. 1957ರ ಜುಲೈ 6ರಂದು ವೂಲ್ಟನ್ ಎಂಬಲ್ಲಿ ಚರ್ಚಿನ ವಾರ್ಷಿಕ ಉತ್ಸವದಲ್ಲಿ ಈ ಮೇಳ ಹಾಡಿತು. ಅಲ್ಲಿಯೇ ಲೆನನ್‌ಗೆ ಪಾಲ್ ಮೆಕಾರ್ಟ್ನಿಯ ಪರಿಚಯವಾಯಿತು. ಆಗ ಒಬ್ಬನಿಗೆ ಹದಿನಾರು ವರ್ಷ, ಇನ್ನೊಬ್ಬನಿಗೆ ಹದಿನೈದು. ಇದೇ ಮೇಳ 1960ರಲ್ಲಿ ಬೀಟಲ್ಸ್ ಆಯಿತು. ಊರ ಚರ್ಚಿನ ಹಿರಿಯರು ಅಂದು, ಈ ಗದ್ದಲ ದೇವರ ಅಂಗಳಕ್ಕೆ ಬೇಡವೆಂದು ಗೇಟು ಹಾಕಿದ್ದರೆ? ಜಾತ್ರೆಯ ಅಂಗಳದಲ್ಲಿ ಎಳೆಯರಿಗೆ ಸಿಕ್ಕ ಒಂದು ಮಧ್ಯಾಹ್ನದ ಬೆಲೆ ಎಷ್ಟೆಂಬುದು ಆ ದಿನ ಯಾರಿಗೂ ಗೊತ್ತಿರಲಿಲ್ಲ.

ಇದು ದೂರದ ಮಾತಾಯಿತೆಂದರೆ ಕನ್ನಡದ ಮಾತನ್ನೇ ಹೇಳೋಣ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಭರತನಾಟ್ಯ ಕಲಿತವರು, ಸೂಕ್ಷ್ಮಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಕಾಲೇಜಿನ ದಿನಗಳಲ್ಲಿ ಸಹಪಾಠಿಯೊಬ್ಬನ ಪಂಥಕ್ಕೆ ಬಿದ್ದು ಗಿಟಾರ್ ಹಿಡಿದರು. ಮುಂದೆ ಕಟ್ಟಿದ ಮೇಳಕ್ಕೆ ‘ಅಂತರಾಗ್ನಿ’ ಎಂದು ಹೆಸರಿಟ್ಟರು. ಆ ಮೇಳ ಒಡೆಯಿತು. ಮುಂದೆ ಅದರ ಜಾಗದಲ್ಲಿ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎದ್ದಿತು. ವರ್ಷಗಟ್ಟಲೆ ಧ್ವನಿಮುದ್ರಣ ಕಂಪನಿಗಳ ಬಾಗಿಲು ತಟ್ಟಿದರೂ ಯಾವುದೂ ತೆರೆಯಲಿಲ್ಲ. ಕೊನೆಗೆ ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಅವರು ಮುಂದೆ ಬಂದು 2008ರಲ್ಲಿ ಮೊದಲ ಆಲ್ಬಂ ಹೊರತಂದರು.

ಆ ಆಲ್ಬಂನಲ್ಲಿ ಇದ್ದುದೇನು? ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ಗುಡುಗುಡಿಯ ಪದವಿತ್ತು, ಸೋರುವ ಮಾಳಿಗೆಯ ಪದವಿತ್ತು. 2010ರಲ್ಲಿ ಬ್ರಿಟನ್ನಿನ ಬಿಬಿಸಿ ದೂರದರ್ಶನದ ಪ್ರಸಿದ್ಧ ಸಂಗೀತ ಕಾರ್ಯಕ್ರಮದಲ್ಲಿ ಈ ಮೇಳ ಹಾಡಿತು. 2011ರಲ್ಲಿ ಗ್ಲಾಸ್ಟನ್‌ಬರಿಯ ಮಹಾ ಸಂಗೀತೋತ್ಸವಕ್ಕೆ ಹೋಯಿತು. ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ ಪಡೆಯಿತು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆಗೆ ಬರುವ ಈ ಹಾಡುಗಾರನನ್ನು ಕಂಡು, ಇವನು ಪರದೇಶದ ಸಂಸ್ಕೃತಿಯನ್ನು ನಮ್ಮ ಮೇಲೆ ಹೇರುತ್ತಿದ್ದಾನೆಂದು ಹೇಳಲು ಯಾರಿಗೆ ಬಾಯಿ ಬರುತ್ತದೆ? ಗೆಜ್ಜೆ ಕಟ್ಟಿ ತಂಬೂರಿ ಹಿಡಿದ ದಾಸರು ನಮಗೆ ಹೊಸಬರೇ?

ಸ್ವರಾತ್ಮದ ಕಥೆಯೂ ಇಂಥದೇ. 2002ರಲ್ಲಿ ವಾಸು ದೀಕ್ಷಿತ್ ಆರಂಭಿಸಿದ ಈ ಬೆಂಗಳೂರಿನ ಬ್ಯಾಂಡು ಸದಸ್ಯರು ಬದಲಾಗುತ್ತ, ಅಲ್ಲಿ ಇಲ್ಲಿ ಹಾಡುತ್ತ, ಏಳು ವರ್ಷ ಕಳೆದ ಮೇಲೆ 2009ರಲ್ಲಿ ತನ್ನ ಹೆಸರಿನದೇ ಮೊದಲ ಆಲ್ಬಂ ತಂದಿತು. ಕನ್ನಡ, ಹಿಂದಿ ಎರಡರಲ್ಲಿಯೂ ಹಾಡಿದ ಈ ಮೇಳದ ವೇದಿಕೆಯ ಮೇಲೆ ನಮ್ಮ ಜಾತ್ರೆಗಳ ಕೀಲುಕುದುರೆ ಕುಣಿಯಿತು.

ಈ ಎರಡು ಕಥೆಗಳಿಂದ ನಮಗೆ ಬೇಕಾದ ಪಾಠ ಕೀರ್ತಿಯದಲ್ಲ. ಬ್ಯಾಂಡು ಒಂದು ದಿನದಲ್ಲಿ ಆಗುವುದಿಲ್ಲ ಎಂಬುದೇ ಪಾಠ. ಮೊದಲ ಆರೇಳು ವರ್ಷ ಅದಕ್ಕೆ ಬೇಕಾದದ್ದು ಕೂತು ಅಭ್ಯಾಸ ಮಾಡಲು ಒಂದು ಕೋಣೆ, ತಪ್ಪು ಮಾಡುತ್ತ ಕಲಿಯಲು ಒಂದು ವೇದಿಕೆ, ತಪ್ಪಿದಾಗಲೂ ಎದ್ದು ಹೋಗದ ನಾಲ್ಕು ಜನ. ಬೆಂಗಳೂರಿನಲ್ಲಿ ಇವು ಹಣಕ್ಕೆ ಸಿಕ್ಕುತ್ತವೆ. ಕೊತ್ತಪಲ್ಲಿಯಲ್ಲಿ, ಮಕ್ತಲ್‌ನಲ್ಲಿ, ಕೃಷ್ಣಾದಲ್ಲಿ ಕನ್ನಡದ ಹುಡುಗರಿಗೆ ಇವುಗಳನ್ನು ಕೊಡಬಲ್ಲ ಸಂಸ್ಥೆ ಯಾವುದು? ಕನ್ನಡ ಸಂಘವೊಂದೇ. ಅದೂ ಕೊಡದಿದ್ದರೆ ಕೊಡುವವರೇ ಇಲ್ಲ.

ಇನ್ನು ಆಕ್ಷೇಪಗಳಿಗೆ ಬರೋಣ. ವಾದ್ಯಗಳು ಪರದೇಶದವು ಎನ್ನುವುದು ಮೊದಲನೆಯದು. ಹಾಗಾದರೆ ಭಜನೆಯ ಪೇಟಿಯನ್ನು ಮೊದಲು ಹೊರಗಿಡಬೇಕು. ಹಾರ್ಮೋನಿಯಂ 19ನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ರೂಪುಗೊಂಡ ವಾದ್ಯ. ನೆಲದ ಮೇಲೆ ಕೂತು ಒಂದು ಕೈಯಿಂದ ಗಾಳಿ ಒತ್ತಿ ನುಡಿಸುವಂತೆ ಅದನ್ನು 1875ರ ಸುಮಾರಿಗೆ ಮಾರ್ಪಡಿಸಿದವರು ಕೊಲ್ಕತ್ತದ ದ್ವಾರಕಾನಾಥ ಘೋಷ್. ಅದು ಭಾರತೀಯ ಸಂಗೀತವನ್ನು ಕೆಡಿಸುತ್ತದೆಂದು ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತ್ತು. ನಿಷೇಧ ಸಡಿಲವಾದದ್ದು 1971ರಲ್ಲಿ. ಆ ಮೂರು ದಶಕ ನಮ್ಮ ಗುಡಿಗಳಲ್ಲಿ ಪೇಟಿ ನಿಂತಿತೇ? ಬಯಲಾಟದ ಮೇಳದಲ್ಲಿ ನಿಂತಿತೇ? ಸರ್ಕಾರದ ಬಾನುಲಿ ಬೇಡವೆಂದದ್ದನ್ನು ಹಳ್ಳಿಯ ಭಕ್ತರು ತಮ್ಮದಾಗಿಸಿಕೊಂಡರು.

ಪಿಟೀಲು ಐರೋಪ್ಯರೊಡನೆ ಬಂದದ್ದು. ಅದಕ್ಕೆ ಏಳು ತಂತಿ ಕಟ್ಟಿ ಕನ್ನಡದ ಮೇರುವಾದ್ಯವಾಗಿಸಿದವರು ತಿರುಮಕೂಡಲಿನ ಟಿ. ಚೌಡಯ್ಯನವರು. ಸ್ಯಾಕ್ಸೋಫೋನ್ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಮೊಳಗುತ್ತಿದ್ದ ಪಾಶ್ಚಾತ್ಯ ವಾದ್ಯ. ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಅಲ್ಲಿ ಅದನ್ನು ಕೇಳಿ ಮನಸೋತು, ಕರ್ನಾಟಕ ಸಂಗೀತದ ಗಮಕಗಳನ್ನು ಅದರಿಂದ ಹೊರಡಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದ ವೇದಿಕೆಯೇರಿದರು. ವಾದ್ಯಕ್ಕೆ ಜಾತಿಯಿಲ್ಲ, ಊರಿಲ್ಲ. ಯಾರ ಕೈಗೆ ಬಂತೋ ಅವರ ಮಾತನ್ನು ಆಡುತ್ತದೆ. ಪೇಟಿಗೆ, ಪಿಟೀಲಿಗೆ, ಸ್ಯಾಕ್ಸೋಫೋನಿಗೆ ಸಿಕ್ಕ ಕನ್ನಡದ ಪೌರತ್ವ ಗಿಟಾರಿಗೆ ಮಾತ್ರ ಸಿಗಬಾರದೇಕೆ?

ಎರಡನೆಯ ಆಕ್ಷೇಪ, ಗದ್ದಲದಲ್ಲಿ ಸಾಹಿತ್ಯ ಕೇಳಿಸುವುದಿಲ್ಲವೆಂಬುದು. ಇದರಲ್ಲಿ ಹುರುಳಿದೆ. ಡ್ರಮ್ಮಿನ ಅಬ್ಬರದಲ್ಲಿ ಪದ ಮುಳುಗಿಹೋದರೆ ಅದು ಕನ್ನಡದ ಸೇವೆಯೂ ಅಲ್ಲ, ಒಳ್ಳೆಯ ಸಂಗೀತವೂ ಅಲ್ಲ. ಹಾಡಿನ ಪ್ರತಿಯೊಂದು ಅಕ್ಷರವೂ ಹಿಂದಿನ ಸಾಲಿನ ಅಜ್ಜಿಗೆ ಕೇಳಿಸಬೇಕೆಂಬ ನಿಯಮವನ್ನು ಸಂಘ ಮಾಡಲಿ. ನಾವು ಅದನ್ನು ಮನಃಪೂರ್ವಕ ಒಪ್ಪುತ್ತೇವೆ. ಆದರೆ ಆ ನಿಯಮ ಎಲ್ಲರಿಗೂ ಒಂದೇ ಆಗಿರಲಿ. ಗಣೇಶನ ಮೆರವಣಿಗೆಗೆ, ಮಗನ ಮದುವೆಗೆ ಎದೆ ನಡುಗಿಸುವ ಡಿಜೆ ತರಿಸಿ, ಅದರಲ್ಲಿ ಒಂದೂ ಕನ್ನಡ ಪದವಿಲ್ಲದಿದ್ದರೂ ಸುಮ್ಮನಿರುವವರು, ಕನ್ನಡದಲ್ಲಿ ಹಾಡುತ್ತೇವೆಂದು ಬಂದ ಹುಡುಗರಿಗೆ ಮಾತ್ರ ಗದ್ದಲದ ಪಾಠ ಹೇಳುವುದು ನ್ಯಾಯವೇ? ದುಡ್ಡು ಕೊಟ್ಟು ತರಿಸಿದ ಗದ್ದಲ ಸಂಭ್ರಮ, ಮನೆಯ ಮಕ್ಕಳು ಎಬ್ಬಿಸಿದ ನಾದ ಗದ್ದಲ ಎಂಬ ತಕ್ಕಡಿಯನ್ನು ನಾವು ಒಪ್ಪುವುದಿಲ್ಲ.

ಮೂರನೆಯದು, ಪರಂಪರೆ ಕೆಡುತ್ತದೆ ಎಂಬ ಭಯ. ನಮ್ಮ ಈ ಭಾಗದ ಪರಂಪರೆ ಯಾವುದು? ಹರಿದಾಸರಲ್ಲಿ ಹಿರಿಯರಾದ ಗೋಪಾಲದಾಸರು ನೆಲೆಸಿದ ಉತ್ತನೂರು ಇಂದು ಗದ್ವಾಲ ಜಿಲ್ಲೆಯಲ್ಲಿಯೇ ಇದೆ. ವಿಜಯದಾಸರ ಶಿಷ್ಯರಾಗಿ, ಮಾನ್ವಿಯ ಜಗನ್ನಾಥದಾಸರಿಗೆ ಗುರುವಾಗಿ, ಅವರು ಹಾಡಿದ್ದು ಪಂಡಿತರ ಸಂಸ್ಕೃತದಲ್ಲಲ್ಲ, ಜನರ ಕನ್ನಡದಲ್ಲಿ. ವೇದಾಂತವನ್ನು ಬೀದಿಯ ಭಾಷೆಗೆ ಇಳಿಸಿದರೆಂದು ದಾಸರನ್ನು ಕೀಳಾಗಿ ಕಂಡ ಪಂಡಿತರು ಅಂದಿನ ಕಾಲದ ಪರಂಪರೆಯ ರಕ್ಷಕರೇ ಆಗಿದ್ದರು. ಇತ್ತ ಕಡಕೋಳ ಮಡಿವಾಳಪ್ಪ, ಚನ್ನೂರ ಜಲಾಲಸಾಹೇಬ ಮೊದಲಾದ ತತ್ವಪದಕಾರರ ಪದಗಳನ್ನು ಏಕತಾರಿಯ ಮೇಲೆ ಹಾಡುವವರು ಜಾತಿ ಕೇಳಲಿಲ್ಲ, ಮತ ಕೇಳಲಿಲ್ಲ. ಮೊಹರಂನಲ್ಲಿ ಹಲಗೆಯ ಬಡಿತಕ್ಕೆ ಹಿಂದೂ ಹುಡುಗರು ಹೆಜ್ಜೆ ಹಾಕುತ್ತ ರಿವಾಯತ್ ಪದ ಹಾಡಿದರು. ಬೆರೆಯುವುದೇ ನಮ್ಮ ಪರಂಪರೆಯ ಸ್ವಭಾವವಾಗಿರುವಾಗ, ಬೆರೆತರೆ ಪರಂಪರೆ ಕೆಡುತ್ತದೆ ಎನ್ನುವುದು ಅದನ್ನು ಅರಿಯದವರ ಮಾತು.

ಶರೀಫರ ಪದಗಳ ದಾರಿಯನ್ನೇ ನೋಡಬಹುದು. 1819ರಿಂದ 1889ರವರೆಗೆ ಬಾಳಿದ ಅವರ ಪದಗಳು ಮೊದಲು ಏಕತಾರಿಯ ಮೇಲೆ, ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಬಂದವು. ಬಳಿಕ ಸಿ. ಅಶ್ವತ್ಥ್ ಅವರ ಕಂಠದಿಂದ ಕ್ಯಾಸೆಟ್ಟಿಗೆ ಬಂದವು. 1990ರಲ್ಲಿ ನಾಗಾಭರಣರ ಚಿತ್ರದೊಡನೆ ಊರೂರಿಗೆ ಹೋದವು. ಆಮೇಲೆ ರಘು ದೀಕ್ಷಿತರ ಗಿಟಾರಿನ ಮೇಲೆ ಏರಿದವು. ಪ್ರತಿ ಸಲವೂ ಹಳೆಯ ಹಾಡಿಕೆ ಕೆಟ್ಟಿತೆಂದು ಗೊಣಗಿದವರಿದ್ದಾರೆ. ಪ್ರತಿ ಸಲವೂ ಕೇಳುವ ಹೊಸ ಕಿವಿಗಳು ಹುಟ್ಟಿವೆ. ಏಕತಾರಿಯವರು ಇಂದಿಗೂ ಹಾಡುತ್ತಲೇ ಇದ್ದಾರೆ. ಅವರನ್ನು ಯಾವ ಗಿಟಾರೂ ಎಬ್ಬಿಸಿ ಕಳುಹಿಸಿಲ್ಲ. ಅವರ ಮುಂದೆ ಕೂರುವ ಎಳೆಯರು ಇಲ್ಲದಂತಾಗುತ್ತಿರುವುದು ನಿಜವಾದ ಕೊರತೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ರಾಯಚೂರು, ಗುಲ್ಬರ್ಗಾ, ಬೀದರ್ ಮೈಸೂರಿಗೆ ಸೇರಿದವು; ಮಹಬೂಬನಗರ ಜಿಲ್ಲೆ ಆಂಧ್ರಕ್ಕೆ ಹೋಯಿತು. ಕೃಷ್ಣೆಯ ಆ ದಡದಲ್ಲಿ ಕನ್ನಡ ರಾಜ್ಯಭಾಷೆಯಾಯಿತು, ಈ ದಡದಲ್ಲಿ ಮನೆಯ ಮಾತಾಗಿ ಉಳಿಯಿತು. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಸರ್ಕಾರಿ ಕನ್ನಡ ಶಾಲೆಗಳು ನಡೆದುಬಂದಿವೆ. ಆ ಶಾಲೆಗಳ ಶಿಕ್ಷಕರಿಗೆ ನಾವು ಎಷ್ಟು ಕೃತಜ್ಞರಾದರೂ ಸಾಲದು. ಆದರೆ ಶಾಲೆ ಮುಗಿಸಿದ ಮಗು ಹತ್ತಿರದ ಪಟ್ಟಣಕ್ಕೆ ಕಾಲೇಜಿಗೆ ಹೋದಾಗ ಅದರ ಕೈಯಲ್ಲಿ ಕನ್ನಡದ್ದು ಏನು ಉಳಿಯುತ್ತದೆ? ಓದು ಇಂಗ್ಲಿಷ್, ಸ್ನೇಹ ತೆಲುಗು, ಸಿನಿಮಾ ತೆಲುಗು, ಮೊಬೈಲಿನ ಹಾಡು ಹಿಂದಿ. ಕನ್ನಡ ಉಳಿಯುವುದು ಅವ್ವನೊಡನೆ ಫೋನಿನಲ್ಲಿ ಆಡುವ ನಾಲ್ಕು ಮಾತಿನಲ್ಲಿ ಮಾತ್ರ. ಅವ್ವನ ಕಾಲದ ನಂತರ?

ನಮ್ಮ ಮಾತು ಬರೀ ಆತಂಕವಲ್ಲ. ಹಾಡು ಒಂದು ನುಡಿಗೆ ಏನು ಮಾಡಬಲ್ಲುದೆಂಬುದನ್ನು ಈ ರಾಜ್ಯದಲ್ಲಿಯೇ ಕಣ್ಣಾರೆ ಕಂಡಿದ್ದೇವೆ. ತೆಲಂಗಾಣದ ತೆಲುಗನ್ನು ಸಿನಿಮಾಗಳು ಹಾಸ್ಯಕ್ಕೆ ಬಳಸುತ್ತಿದ್ದ ಕಾಲವಿತ್ತು. ಗದ್ದರ್ ಅವರ ಗೊಂಗಡಿ ಗೆಜ್ಜೆಗಳು, ನಮ್ಮದೇ ಹಳೆಯ ಮಹಬೂಬನಗರ ಜಿಲ್ಲೆಯ ಗೋರೆಟಿ ವೆಂಕನ್ನ ಅವರ ಹಳ್ಳಿಯ ಪದಗಳು, ‘ಧೂಮ್ ಧಾಮ್’ ಮೇಳಗಳು ಆ ನುಡಿಯನ್ನು ಬಯಲಿಗೆ ತಂದು ತಲೆಯೆತ್ತಿ ನಿಲ್ಲಿಸಿದವು. 2014ರ ಜೂನ್ 2ರಂದು ರಾಜ್ಯ ಬಂದಾಗ ಅದರಲ್ಲಿ ಹಾಡಿನ ಪಾಲು ಇಲ್ಲವೆನ್ನುವವರು ಯಾರೂ ಇರಲಿಲ್ಲ. ನೆರೆಯ ತೆಲುಗರು ಹಾಡಿನಿಂದ ತಮ್ಮ ನುಡಿಯ ಮಾನ ಉಳಿಸಿಕೊಂಡದ್ದನ್ನು ಪಕ್ಕದಲ್ಲಿಯೇ ನಿಂತು ನೋಡಿದ ನಾವು ಕಲಿತದ್ದೇನು? ಶಾಲು, ಹಾರ, ಫಲಕ. ಮುಖ್ಯ ಅತಿಥಿಗಳ ಮುಕ್ಕಾಲು ಗಂಟೆಯ ಭಾಷಣ. ಕುರ್ಚಿಗಳನ್ನು ಮಡಿಸುವ ಹೊತ್ತಿಗೆ ‘ಈಗ ಸಾಂಸ್ಕೃತಿಕ ಕಾರ್ಯಕ್ರಮ’ ಎಂಬ ಘೋಷಣೆ.

ಹುಡುಗರು ಬೆಂಗಳೂರಿನ ಬ್ಯಾಂಡುಗಳನ್ನು ನಕಲು ಮಾಡಿದರೆ ಸಾಕೆಂದು ನಾವು ಹೇಳುತ್ತಿಲ್ಲ. ಅವರಿಂದ ನಾವು ಬಯಸುವುದು ಇಲ್ಲಿಯ ಹಾಡನ್ನು. ದೆಹಲಿಯಲ್ಲಿ 1990ರಲ್ಲಿ ಹುಟ್ಟಿದ ಇಂಡಿಯನ್ ಓಷನ್ ಎಂಬ ಬ್ಯಾಂಡು ನರ್ಮದಾ ಕಣಿವೆಯ ಜನ ತಮ್ಮ ನದಿಯನ್ನು ಕುರಿತು ಹಾಡುತ್ತಿದ್ದ ಪದವನ್ನು ಗಿಟಾರಿಗೆ ಅಳವಡಿಸಿತು. ಆ ನದಿಯನ್ನು ನೋಡದವರೂ ಅದನ್ನು ಹಾಡಿದರು. ನಮ್ಮಲ್ಲಿ ಕೃಷ್ಣೆ ಭೀಮೆಯರು ಕೂಡುತ್ತಾರೆ. ಜುರಾಲದ ಹಿನ್ನೀರಿದೆ. ಬೆಳೆ ಕೈಕೊಟ್ಟ ವರ್ಷ ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಮುಂಬಯಿಗೆ, ಪುಣೆಗೆ, ಬೆಂಗಳೂರಿಗೆ ಗುಳೆ ಹೋಗುವ ಜನರಿದ್ದಾರೆ. ನಾರಾಯಣಪೇಟೆಯ ಮಗ್ಗದ ಲಯವಿದೆ. ಅದಕ್ಕಿಂತ ಒಳ್ಳೆಯ ತಾಳವನ್ನು ಯಾವ ಡ್ರಮ್ಮು ಕಲಿಸೀತು? ತೆಲುಗಿನ ಪದ, ಉರ್ದುವಿನ ಪದ ಸಹಜವಾಗಿ ಕೂಡಿಕೊಂಡ ನಮ್ಮ ಸೀಮೆಯ ಕನ್ನಡವಿದೆ. ಅದನ್ನು ತಿದ್ದಬೇಕಾದ ಅಶುದ್ಧ ಕನ್ನಡವೆಂದು ನಾವೇ ನಾಚುತ್ತ ಬಂದಿದ್ದೇವೆ. ಪುಸ್ತಕದ ಕನ್ನಡಕ್ಕೆ ಹೆದರಿ ಬರೆಯದೆ ಉಳಿದ ಹುಡುಗಿ ತನ್ನ ಮನೆಯ ಕನ್ನಡದಲ್ಲಿ ಒಂದು ಪಲ್ಲವಿ ಕಟ್ಟಿಯಾಳು. ಗುಳೆ ಹೋದ ಅಪ್ಪನ ಮೇಲೆ ಬರೆದ ಆ ಹಾಡು ಮುಂದಿನ ಸ್ಮರಣ ಸಂಚಿಕೆಯಲ್ಲಿ ಅಚ್ಚಾದರೆ ಸಾಹಿತ್ಯಕ್ಕೆ ಯಾವ ಕುಂದು?

ಆದ್ದರಿಂದ ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಗಳ ಮುಂದೆ ನಮ್ಮ ಬೇಡಿಕೆಗಳನ್ನು ಇಡುತ್ತಿದ್ದೇವೆ. ವಾರದಲ್ಲಿ ಎರಡು ಸಂಜೆ ಸಂಘದ ಕೋಣೆಯನ್ನು ಹಾಡುವ ಎಳೆಯರಿಗೆ ಬಿಟ್ಟುಕೊಡಿ. ಬೀಗದ ಕೈ ಅವರ ಬಳಿಯೇ ಇರಲಿ, ಲೆಕ್ಕವನ್ನು ಅವರೇ ಒಪ್ಪಿಸಲಿ. ಒಂದು ವರ್ಷದ ಶಾಲು ಫಲಕಗಳ ಖರ್ಚನ್ನು ಉಳಿಸಿ ಒಂದು ಗಿಟಾರ್, ಒಂದು ಡ್ರಮ್ ಸೆಟ್, ಒಳ್ಳೆಯದೊಂದು ಮೈಕು ಕೊಳ್ಳಿ. ಅವು ಸಂಘದ ಆಸ್ತಿಯಾಗಿ ಇರಲಿ. ತತ್ವಪದ, ದಾಸರಪದ, ರಿವಾಯತ್ ಪದ ಬಲ್ಲ ಹಿರಿಯರೊಬ್ಬರನ್ನು ಆ ಸಂಜೆಗಳಿಗೆ ಗೌರವಧನ ಕೊಟ್ಟು ಕರೆಸಿ. ಅವರು ಹಾಡಲಿ, ಹುಡುಗರು ಕಲಿಯಲಿ, ಧ್ವನಿಮುದ್ರಿಸಿ ಇಡಲಿ. ಹಳೆಯ ಪದ ಹಾಡುವಾಗ ಅಂಕಿತ ಬಿಡಬಾರದು, ಕವಿಯ ಹೆಸರು ಹೇಳದೆ ಹಾಡಬಾರದು ಎಂಬ ಕಟ್ಟುಪಾಡು ಇರಲಿ. ಹುಡುಗಿಯರಿಗೂ ಸಮನಾದ ಎಡೆಯಿರಲಿ. ಸಮ್ಮೇಳನದಲ್ಲಿ ಅವರ ಹಾಡಿಗೆ ಜನ ಕೂತಿರುವ ಹೊತ್ತಿನಲ್ಲಿ, ಉದ್ಘಾಟನೆಯ ಬೆನ್ನಿಗೇ, ಒಂದು ಗಂಟೆ ಕೊಡಿ. ಮೊದಲ ವರ್ಷ ಅವರು ಚೆನ್ನಾಗಿ ಹಾಡದಿರಬಹುದು. ಮೊದಲ ವರ್ಷದ ಕವಿಗೋಷ್ಠಿಯ ಕವಿತೆಗಳನ್ನು ಸಹಿಸಿದ ನಮಗೆ ಅದೂ ಕಷ್ಟವಾಗಲಾರದು.

ಕೊತ್ತಪಲ್ಲಿ ಎಂದರೆ ಕನ್ನಡದಲ್ಲಿ ಹೊಸಹಳ್ಳಿ. ಹಳೆಯ ಊರಿನಿಂದ ಹೊರಟು ಬಂದು, ಹೊಸ ನೆಲದಲ್ಲಿ ಮನೆ ಕಟ್ಟಿ, ಹಳೆಯ ದೇವರನ್ನೇ ಅಲ್ಲಿ ನಿಲ್ಲಿಸಿಕೊಂಡ ಜನರ ಊರಿಗೆ ಇಡುವ ಹೆಸರು ಅದು. ಹಾಡಿಗೂ ಅಂಥ ಹೊಸಹಳ್ಳಿಯೊಂದು ಬೇಕಾಗಿದೆ. ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಮುಂದಿನ ಸಮ್ಮೇಳನದ ಸಿದ್ಧತೆ ದೂರವಿರುವುದಿಲ್ಲ. ಬಾಗಿಲಲ್ಲಿ ಗಿಟಾರ್ ಹಿಡಿದು ನಿಂತ ನಮ್ಮದೇ ಮಕ್ಕಳನ್ನು ಒಳಗೆ ಕರೆಯುವ ನಿರ್ಣಯ ಆ ಸಿದ್ಧತೆಯ ಮೊದಲ ಸಭೆಯಲ್ಲಿಯೇ ಆಗಲಿ.